ಫ್ಯಾನು ಮೋಡ ಓಡಿಸುತ್ತದೆಯೇ?

ನಮ್ಮ ಅಮ್ಮಿ ಗದಗ ಜಿಲ್ಲೆಯ ಒಂದು ಸರ್ಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಪಿಯುಸಿಯಲ್ಲಿ ಓದಿದ್ದು ಕಲಾ ವಿಭಾಗ, ಆಮೇಲೆ ಡಿ.ಎಡ್. ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿ ಬಿದ್ದು ಕೆಲವು ವರ್ಷಗಳಾದವು. ಹಾಗಾಗಿ ಆರು ಮತ್ತು ಏಳನೇ ತರಗತಿಯ ವಿಜ್ಞಾನ ಅವರ ಪಾಲಿಗೆ ಬಂದಿದೆ. ಸಮಾಜ ಪಾಠ ಮಾಡುವಾಗ ಅವರಷ್ಟು ಚೆನ್ನಾಗಿ ಕತೆ ಹೇಳುವವರನ್ನು ನಾನು ಕಂಡಿಲ್ಲ. ವಿಜ್ಞಾನದ ಅವಧಿಗೆ ಮಾತ್ರ ಹಿಂದಿನ ರಾತ್ರಿಯೇ ಪುಸ್ತಕ ಹಿಡಿದು ಕೂರುತ್ತಾರೆ, ಪರೀಕ್ಷೆಗೆ ಕೂರುವ ನಮ್ಮ ಹಾಗೆ.

ಕಳೆದ ಜುಲೈನಲ್ಲಿ ಮಳೆ ಕೈಕೊಟ್ಟಿದ್ದು ನಿಮಗೆ ನೆನಪಿರಬಹುದು. ದಿನವೂ ಮೋಡ ಬರುತ್ತಿತ್ತು, ಹೋಗುತ್ತಿತ್ತು, ನೆಲ ಒದ್ದೆಯಾಗುತ್ತಿರಲಿಲ್ಲ. ಅಂಥ ಒಂದು ದಿನ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದನಂತೆ: "ಟೀಚರ್, ಗುಡ್ಡದ ಮೇಲಿನ ಫ್ಯಾನುಗಳು ಮೋಡ ಓಡಿಸುತ್ತವಂತೆ. ಅದಕ್ಕೇ ನಮ್ಮ ಕಡೆ ಮಳೆ ಇಲ್ಲವಂತೆ. ನಮ್ಮ ದಾದಾ ಹೇಳಿದರು. ನಿಜವೇ?" ಹುಡುಗ ಕೇಳಿದ್ದು ಉರ್ದುವಿನಲ್ಲಿ. ಆದರೆ ಮಾತು ಊರಿನದು. ಹೊಲಕ್ಕೆ ಹೋಗುವವರು, ಚಹಾದಂಗಡಿಯಲ್ಲಿ ಕೂರುವವರು ಎಲ್ಲರ ಬಾಯಲ್ಲೂ ನಾನು ಇದನ್ನು ಕೇಳಿದ್ದೇನೆ. ಕಪ್ಪತಗುಡ್ಡದ ಕಡೆ ಬಸ್ಸಿನಲ್ಲಿ ಹೋದವರಿಗೆ ಆ ಬಿಳಿ ಫ್ಯಾನುಗಳ ಸಾಲು ಗೊತ್ತೇ ಇರುತ್ತದೆ.

ಅಮ್ಮಿ, "ಅದೆಲ್ಲ ಮುಂದಿನ ತರಗತಿಯಲ್ಲಿ ಬರುತ್ತದೆ, ಕುಳಿತುಕೋ" ಎಂದರು. ಹುಡುಗ ಕುಳಿತುಕೊಂಡ.

ರಾತ್ರಿ ರೊಟ್ಟಿ ಬಡಿಯುತ್ತಾ ಅದನ್ನು ನನಗೆ ಹೇಳಿದರು. "ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಧೈರ್ಯವೂ ಬರಲಿಲ್ಲ. ನೀನು ಸೈನ್ಸ್ ಓದುತ್ತೀಯಲ್ಲ, ನೀನಾದರೂ ಹೇಳು." ನಾನು ಥಟ್ಟನೆ, "ಅದೆಲ್ಲ ಮೂಢನಂಬಿಕೆ ಅಮ್ಮಿ" ಎಂದೆ. ಅಮ್ಮಿ ಲಟ್ಟಣಿಗೆ ಹಿಡಿದವರಲ್ಲ, ಕೈಯಲ್ಲೇ ತಟ್ಟುವವರು. ಆ ಕೈ ನಿಂತಿತು. "ಮೂಢನಂಬಿಕೆ ಅಂತ ನಾನೂ ಹೇಳಬಹುದಿತ್ತು. ಯಾಕೆ ಅಲ್ಲ, ಅದನ್ನು ಹೇಳು."

ನನ್ನ ಬಳಿ ಉತ್ತರ ಇರಲಿಲ್ಲ. ಮೊದಲ ಪಿಯುಸಿಯ ಭೌತಶಾಸ್ತ್ರದಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಇನ್ನೂ ನಾಚಿಕೆಯಾಗುತ್ತದೆ.

ಎರಡು ತಿಂಗಳ ನಂತರ ಅಮ್ಮಿಗೆ ತರಬೇತಿಯ ಆದೇಶ ಬಂತು. ಎರಡು ದಿನ, ವಿಜ್ಞಾನ ಬೋಧಿಸುವ ಹಿರಿಯ ಪ್ರಾಥಮಿಕ ಶಿಕ್ಷಕರಿಗೆ. ವಿಷಯಗಳ ಪಟ್ಟಿಯಲ್ಲಿ "ನವೀಕರಿಸಬಹುದಾದ ಶಕ್ತಿ" ಎಂದು ಇತ್ತು. ಅಮ್ಮಿಗೆ ಖುಷಿಯೋ ಖುಷಿ. ಡೈರಿಯ ಕೊನೆಯ ಪುಟದಲ್ಲಿ ಹುಡುಗನ ಪ್ರಶ್ನೆಯನ್ನು ಬರೆದುಕೊಂಡು ಹೋದರು.

ಅಲ್ಲಿ ನಡೆದದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಆ ವಿಷಯಕ್ಕೆ ಸಿಕ್ಕಿದ್ದು ಒಂದೂವರೆ ಗಂಟೆ. ಪರದೆಯ ಮೇಲೆ ಸೂರ್ಯ, ಗಾಳಿ, ನೀರು, ಸಗಣಿ ಅನಿಲದ ಚಿತ್ರಗಳು ಬಂದವು. ಸಂಪನ್ಮೂಲ ವ್ಯಕ್ತಿಗಳು ಸ್ಲೈಡಿನಲ್ಲಿದ್ದ ಸಾಲುಗಳನ್ನೇ ಓದಿದರು. ನಂತರ ಐದು ಗುಂಪು ಮಾಡಿ, ಚಾರ್ಟ್ ಮತ್ತು ಸ್ಕೆಚ್ ಪೆನ್ ಕೊಟ್ಟು, "ನಿಮ್ಮ ಪರಿಕಲ್ಪನೆಯನ್ನು ಬಿಡಿಸಿ" ಎಂದರು. ಅಮ್ಮಿಯ ಗುಂಪಿನ ಚಾರ್ಟಿಗೆ ಹೆಚ್ಚು ಚಪ್ಪಾಳೆ ಬಿತ್ತು, ಯಾಕೆಂದರೆ ಅವರ ಕೈಬರಹ ಚೆನ್ನಾಗಿದೆ. ಚಾರ್ಟ್ ಹಿಡಿದು ಫೋಟೊ ಆಯಿತು. ಅಮ್ಮಿ ಪ್ರಶ್ನೆ ಕೇಳಲು ಎದ್ದಾಗ ಊಟದ ಹೊತ್ತು. "ಮೇಡಂ, ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ" ಎಂದರಂತೆ. ಹಾಕಿದರು. ಇವತ್ತಿನವರೆಗೂ ಆ ಗುಂಪಿನಲ್ಲಿ ಶುಭೋದಯದ ಗುಲಾಬಿಗಳು ಮತ್ತು ತುರ್ತಾಗಿ ಭರ್ತಿ ಮಾಡಬೇಕಾದ ನಮೂನೆಗಳು ಬರುತ್ತಿವೆ. ಉತ್ತರ ಬಂದಿಲ್ಲ.

ತರಬೇತಿ ಕೊಟ್ಟವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರಿಗೂ ಹಿಂದಿನ ವಾರವಷ್ಟೇ ಆ ಸ್ಲೈಡುಗಳು ಬಂದಿದ್ದವಂತೆ. ನನ್ನ ದೂರು ತರಬೇತಿಯ ರೀತಿಯ ಮೇಲೆ. ಎರಡೂ ದಿನ ಸೆಪ್ಟೆಂಬರಿನ ಬಿಸಿಲು ಕಿಟಕಿಯ ಹೊರಗೇ ಬಿದ್ದಿತ್ತು. ಸೌರಶಕ್ತಿಯ ಪಾಠಕ್ಕಾಗಿ ಪರದೆ ಎಳೆದು ಕೋಣೆ ಕತ್ತಲು ಮಾಡಿಕೊಂಡರು.

ನವೀಕರಿಸಬಹುದಾದ ಶಕ್ತಿಯನ್ನು ಕಲಿಸುವ ಶಿಕ್ಷಕರಿಗೆ ಮಾಹಿತಿ ಕೊಟ್ಟರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಅವರ ಕೈಗೆ ವಸ್ತು ಕೊಡಬೇಕು, ಅವರ ಪ್ರಶ್ನೆಗೆ ಸಮಯ ಕೊಡಬೇಕು, ಮುಂದಿನ ತಿಂಗಳು ಮತ್ತೆ ಕರೆಯಬೇಕು. ಈ ಮೂರರಲ್ಲಿ ಕೊನೆಯದನ್ನು ಯಾರೂ ಮಾಡುವುದಿಲ್ಲ. ನಮ್ಮ ಕಾಲೇಜು ಅದನ್ನು ಮಾಡಬಹುದು ಎಂದು ಹೇಳಲಿಕ್ಕೇ ಈ ಲೇಖನ.

ಮೊದಲು ನಮ್ಮ ಮಾಳಿಗೆಯ ಮೇಲೆ ನಡೆದದ್ದನ್ನು ಹೇಳುತ್ತೇನೆ.

ತರಬೇತಿಯಿಂದ ಅಮ್ಮಿ ಬೇಸರದಿಂದ ಬಂದ ಮರುವಾರ ನಾನು ಹುಬ್ಬಳ್ಳಿಯಿಂದ ಒಂದು ಪುಟ್ಟ ಸೋಲಾರ್ ಪ್ಯಾನೆಲ್, ಆಟಿಕೆ ಕಾರಿನಲ್ಲಿ ಇರುವಂಥ ಒಂದು ಮೋಟಾರು, ಅದಕ್ಕೊಂದು ಪ್ಲಾಸ್ಟಿಕ್ ರೆಕ್ಕೆ ಮತ್ತು ಅಗ್ಗದ ಒಂದು ಮಲ್ಟಿಮೀಟರ್ ತರಿಸಿದೆ. ಈದಿಗೆ ಸಿಕ್ಕಿದ ಹಣದಲ್ಲಿ ಎಲ್ಲವೂ ಮುಗಿದು ಸ್ವಲ್ಪ ಉಳಿಯಿತು. ಭಾನುವಾರ ಮಧ್ಯಾಹ್ನ ಇಬ್ಬರೂ ಮಾಳಿಗೆ ಹತ್ತಿದೆವು. ಪ್ಯಾನೆಲ್ಲಿಗೆ ಮೋಟಾರು ಜೋಡಿಸಿ ಬಿಸಿಲಿಗೆ ಹಿಡಿದ ಕೂಡಲೇ ರೆಕ್ಕೆ ಗಿರ್ರನೆ ತಿರುಗಿತು. ಅಮ್ಮಿ ನಕ್ಕ ಬಗೆ ನೋಡಬೇಕಿತ್ತು. ಐದು ವರ್ಷದಿಂದ ಈ ಪಾಠ ಮಾಡುತ್ತಿದ್ದರೂ ಅವರು ಇದನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು.

ಆಮೇಲೆ ಶುರುವಾಯಿತು ಅವರ ಪ್ರಶ್ನೆಗಳು. ಪ್ಯಾನೆಲ್ಲಿನ ಒಂದು ಪಟ್ಟಿಯ ಮೇಲೆ ಬೆರಳಿಟ್ಟರು. ಮೋಟಾರು ನಿಂತೇ ಹೋಯಿತು. "ಮುಚ್ಚಿದ್ದು ಒಂದು ಬೆರಳಿನಷ್ಟು. ಉಳಿದದ್ದಕ್ಕೆಲ್ಲ ಬಿಸಿಲು ಬೀಳುತ್ತಿದೆ. ಮತ್ತೆ ಯಾಕೆ ಪೂರ್ತಿ ನಿಂತಿತು?" ಇದು ನನಗೆ ಗೊತ್ತಿತ್ತು. ಪ್ಯಾನೆಲ್ ಎಂದರೆ ಒಂದೇ ವಸ್ತುವಲ್ಲ, ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಕೊಡುವ ಸಿಲಿಕಾನ್ ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಸರಣಿಯಲ್ಲಿ ಒಂದು ಕೋಶಕ್ಕೆ ನೆರಳು ಬಿದ್ದರೆ ಎಲ್ಲದರ ಪ್ರವಾಹಕ್ಕೂ ಅಡ್ಡಿ. ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸುವ ಸಾಲಿನಲ್ಲಿ ಒಬ್ಬರು ಕೈ ಬಿಟ್ಟಂತೆ. ಈ ಹೋಲಿಕೆ ಅಮ್ಮಿಯದು, ನನ್ನದಲ್ಲ.

ಮುಂದಿನ ಪ್ರಶ್ನೆಗೆ ನಾನು ಸೋತೆ. ಸಂಜೆ ಒಳಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಪ್ಯಾನೆಲ್ ಇಟ್ಟೆವು. ಮೀಟರ್ ಸುಮಾರು 3 ವೋಲ್ಟ್ ತೋರಿಸಿತು. ಮೋಟಾರು ಜೋಡಿಸಿದರೆ ಅಲುಗಾಡಲಿಲ್ಲ. ಅದೇ ಮೋಟಾರು ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟಿಗೆ ಜೋರಾಗಿ ತಿರುಗುತ್ತಿತ್ತು. "ವೋಲ್ಟ್ ಇದೆ ಅಂತೀಯ, ಮೀಟರ್ ಕೂಡ ಇದೆ ಅಂತಿದೆ. ಮತ್ತೆ ಮೋಟಾರು ಯಾಕೆ ತಿರುಗಲ್ಲ?" ನಾನು ಏನೇನೋ ಸೂತ್ರ ಹೇಳಿದೆ. ಅಮ್ಮಿ ತಲೆಯಾಡಿಸಲಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುವುದು ನಮ್ಮ ವಿದ್ಯಾರ್ಥಿಗಳ ಅಭ್ಯಾಸ, ಅವರದಲ್ಲ.

ಸೋಮವಾರ ನಮ್ಮ ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿದೆ. ಅವರು ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕ್ ತೋರಿಸಿ ಹೇಳಿದರು: "ಟ್ಯಾಂಕ್ ಎತ್ತರದಲ್ಲಿದೆ, ಅಂದರೆ ಒತ್ತಡ ಇದೆ. ಅದೇ ವೋಲ್ಟ್. ಆದರೆ ಟ್ಯಾಂಕಿಗೆ ನೀರು ಬರುವುದು ಹನಿಹನಿಯಾಗಿ ಎಂದುಕೋ. ನಲ್ಲಿ ಬಿಟ್ಟ ಕೂಡಲೇ ಟ್ಯಾಂಕ್ ಬರಿದು. ಮಂದ ಬೆಳಕಿನಲ್ಲಿ ಪ್ಯಾನೆಲ್ಲಿನ ವೋಲ್ಟ್ ಅಷ್ಟಾಗಿ ಇಳಿಯುವುದಿಲ್ಲ, ಪ್ರವಾಹ ಮಾತ್ರ ಬೆಳಕಿನ ಪ್ರಮಾಣದಲ್ಲೇ ಇಳಿಯುತ್ತದೆ. ನಿನ್ನ ಮೀಟರ್ ಪ್ರವಾಹವನ್ನು ಬಹುತೇಕ ಕುಡಿಯುವುದೇ ಇಲ್ಲ, ಮೋಟಾರಿಗೆ ಅದು ಬೇಕೇ ಬೇಕು." ಆಮೇಲೆ ಅವರು ಹೇಳಿದ ಮಾತು ನನಗೆ ಹೆಚ್ಚು ನಾಟಿತು. ಹನ್ನೆರಡು ವರ್ಷ ಪಾಠ ಮಾಡಿದ್ದರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಕೇಳಿದ್ದು ಕಲಾ ವಿಭಾಗದಲ್ಲಿ ಓದಿದ ಏಳನೇ ತರಗತಿಯ ಟೀಚರ್.

ಇನ್ನು ಫ್ಯಾನಿನ ವಿಷಯ. ಅದೇ ಮೋಟಾರನ್ನು ಪ್ಯಾನೆಲ್ಲಿನಿಂದ ಬಿಡಿಸಿ ನೇರ ಮಲ್ಟಿಮೀಟರಿಗೆ ಜೋಡಿಸಿದೆವು. ರೆಕ್ಕೆಯ ಮೇಲೆ ಅಮ್ಮಿ ಬಾಯಿಂದ ಊದಿದರು. ಮೀಟರಿನಲ್ಲಿ ಅಂಕಿ ಏರಿತು. ಊದುವುದು ನಿಲ್ಲಿಸಿದರು, ಸೊನ್ನೆಗೆ ಬಂತು. ಕರೆಂಟ್ ಕೊಟ್ಟರೆ ತಿರುಗುವ ಅದೇ ಮೋಟಾರು, ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಮನೆಯ ಫ್ಯಾನು ಕರೆಂಟ್ ತಿಂದು ಗಾಳಿ ಕೊಡುತ್ತದೆ, ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟ್ ಕೊಡುತ್ತದೆ. ಅದು ಗಾಳಿಯನ್ನು ದೂಡುವುದಿಲ್ಲ. ಗಾಳಿಯಿಂದ ಶಕ್ತಿ ಕಿತ್ತುಕೊಳ್ಳುವುದರಿಂದ ಅದರ ಹಿಂದೆ ಗಾಳಿ ಇನ್ನೂ ನಿಧಾನವಾಗುತ್ತದೆ. ಎರಡೂ "ಫ್ಯಾನು" ಎಂದು ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ ಎಂದು ನನಗೆ ಅನ್ನಿಸಿತು.

ಆದರೆ ಅಮ್ಮಿ ಇಷ್ಟಕ್ಕೇ ಬಿಡಲಿಲ್ಲ. "ಆ ಹುಡುಗನ ದಾದಾ ಅರವತ್ತು ವರ್ಷ ಆಕಾಶ ನೋಡಿ ಬಿತ್ತಿದವರು. ಅವರು ಸುಮ್ಮನೆ ಹೇಳುತ್ತಾರಾ?"

ಅದಕ್ಕೆ ನಾನು ಎರಡು ವಾರ ತಲೆ ಕೆಡಿಸಿಕೊಂಡೆ. ಈಗ ನನಗೆ ತಿಳಿದಿರುವುದು ಇಷ್ಟು: ದಾದಾ ಕಂಡದ್ದು ಸರಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಪಡುವಣದ ಗಾಳಿ ಜೋರು. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗಬಹುದಾದ ವಿದ್ಯುತ್ ಎಂಟು ಪಟ್ಟಾಗುತ್ತದೆ, ಹಾಗಾಗಿ ಆ ತಿಂಗಳುಗಳಲ್ಲೇ ಫ್ಯಾನುಗಳು ಬಿಡುವಿಲ್ಲದೆ ತಿರುಗುವುದು. ಅದೇ ಗಾಳಿ ಮೋಡಗಳನ್ನೂ ತಳ್ಳಿಕೊಂಡು ಹೋಗುತ್ತದೆ. ನಾವು ಇರುವುದು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ. ಮೋಡಗಳು ಘಟ್ಟದಲ್ಲೇ ಹೆಚ್ಚಿನ ನೀರು ಸುರಿಸಿ ಹಗುರಾಗಿ ಇತ್ತ ಬರುತ್ತವೆ, ಅನೇಕ ದಿನ ಹನಿಯದೆ ದಾಟಿ ಹೋಗುತ್ತವೆ. ಅಂದರೆ ಫ್ಯಾನು ಜೋರಾಗಿ ತಿರುಗಿದ ದಿನವೇ ಮೋಡ ಓಡುವುದು ನಿಜ. ಫ್ಯಾನು ಮೋಡವನ್ನು ಓಡಿಸುತ್ತಿಲ್ಲ, ಗಾಳಿ ಎರಡನ್ನೂ ಓಡಿಸುತ್ತಿದೆ. ನೋಟ ಸರಿಯಿತ್ತು, ಕಾರಣ ಮಾತ್ರ ತಿರುವುಮುರುವಾಗಿತ್ತು. ಫ್ಯಾನು ಬರುವ ಮೊದಲೂ ಗದಗಿನಲ್ಲಿ ಬರಗಾಲ ಇತ್ತಲ್ಲ ಎಂದು ದಾದಾನನ್ನೇ ಕೇಳಿದರೆ ಅವರೇ ನಾಲ್ಕು ಬರಗಾಲದ ಕತೆ ಹೇಳುತ್ತಾರೆ.

ನಾನು "ಮೂಢನಂಬಿಕೆ" ಎಂದು ಹೇಳಿ ಮುಗಿಸಿದ್ದೆನಲ್ಲ, ಅದು ತಪ್ಪು. ಆ ಒಂದು ಪದದಿಂದ ಹುಡುಗನ ಪ್ರಶ್ನೆಯೂ ಸಾಯುತ್ತದೆ, ದಾದಾನ ಮರ್ಯಾದೆಯೂ ಹೋಗುತ್ತದೆ. ಶಿಕ್ಷಕರ ತರಬೇತಿಯಲ್ಲಿ ಕಲಿಸಬೇಕಾದದ್ದು ಇದನ್ನು. ಊರಿನವರು ಹೇಳುವ ಮಾತನ್ನು ತರಗತಿಗೆ ತೆಗೆದುಕೊಂಡು, ಅದರಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಮಕ್ಕಳ ಜೊತೆ ಬೇರ್ಪಡಿಸುವುದು. ಸ್ಲೈಡಿನಲ್ಲಿ ಇದು ಬರುವುದಿಲ್ಲ.

ಇದನ್ನೆಲ್ಲ ನಾನು ಹೊಸದಾಗಿ ಕಂಡುಹಿಡಿದಂತೆ ನಮ್ಮ ಉಪನ್ಯಾಸಕರ ಮುಂದೆ ಹೇಳಿದಾಗ ಅವರು ನಕ್ಕು, ಹೋಶಂಗಾಬಾದ್ ಬಗ್ಗೆ ಓದು ಎಂದರು. ಓದಿದೆ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ (ಈಗ ನರ್ಮದಾಪುರಂ) 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. ಆರರಿಂದ ಎಂಟನೇ ತರಗತಿಯ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬೇಕು ಎಂಬುದು ಅದರ ಹಟ. ಅಲ್ಲಿನ ಶಿಕ್ಷಕರೂ ಅಮ್ಮಿಯಂಥವರೇ, ಅನೇಕರು ವಿಜ್ಞಾನ ಓದಿರಲಿಲ್ಲ. ಅವರಿಗೆ ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ತರಬೇತಿ, ಅದೂ ಒಂದೇ ಸಲವಲ್ಲ, ವರ್ಷ ಬಿಟ್ಟು ವರ್ಷ ಅಲ್ಲ, ಸತತ ಮೂರು ಬೇಸಿಗೆ. ಮಕ್ಕಳು ಮಾಡಬೇಕಾದ ಪ್ರತಿ ಪ್ರಯೋಗವನ್ನೂ ಶಿಕ್ಷಕರು ಮೊದಲು ತಾವೇ ಮಾಡಬೇಕು. ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಅವರ ಜೊತೆ ನೆಲದ ಮೇಲೆ ಕೂತರು. ಶಾಲೆ ಶುರುವಾದ ಮೇಲೆ ಪ್ರತಿ ತಿಂಗಳು ಒಂದು ಸಭೆ: ಯಾವ ಪ್ರಯೋಗ ಆಗಲಿಲ್ಲ, ಮಕ್ಕಳು ಏನು ಕೇಳಿದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು! ಮಕ್ಕಳು ಪ್ರಶ್ನೆ ಕೇಳಿ ಪತ್ರ ಬರೆಯಲಿ ಎಂದು ಸವಾಲಿರಾಮ್ ಎಂಬ ಒಂದು ಕಾಲ್ಪನಿಕ ಪಾತ್ರವನ್ನೂ ಸೃಷ್ಟಿಸಿದ್ದರು. ಮುಂದೆ ಏಕಲವ್ಯ ಸಂಸ್ಥೆ ಅದನ್ನು ನಡೆಸಿತು, ಸುಮಾರು ಸಾವಿರ ಶಾಲೆಗಳಿಗೆ ಹರಡಿತು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು.

ನಿಂತುಹೋಯಿತಲ್ಲ, ಮತ್ತೆ ಯಾಕೆ ಅದರ ಮಾತು ಎಂದು ಗೆಳತಿ ಕೇಳಿದಳು. ಮೂವತ್ತು ವರ್ಷ ನಡೆದದ್ದು ಸಾಧ್ಯ ಎಂಬುದಕ್ಕೆ ಸಾಕ್ಷಿ ತಾನೆ?

ಈಗ ಚಾಚಾನ ಮನೆಯ ಕತೆ. ಅವರ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟುತ್ತಿದ್ದುದರಿಂದ ಗೃಹಜ್ಯೋತಿಯ ಸೊನ್ನೆ ಬಿಲ್ ಸಿಗುತ್ತಿರಲಿಲ್ಲ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದಾಗ 3 ಕಿಲೋವಾಟ್ ಪ್ಯಾನೆಲ್ ಹಾಕಿಸಿದರು, 78,000 ರೂಪಾಯಿ ಸಬ್ಸಿಡಿಯೂ ಬಂತು. ಮೊದಲ ಬೇಸಿಗೆಯಲ್ಲಿ ಒಂದು ದಿನ ಮಟಮಟ ಮಧ್ಯಾಹ್ನ ಊರಿನ ಕರೆಂಟ್ ಹೋಯಿತು. ತಲೆ ಮೇಲೆ ಸೂರ್ಯ, ಮಾಳಿಗೆ ಮೇಲೆ ಪ್ಯಾನೆಲ್, ಕೆಳಗೆ ಫ್ಯಾನು ಬಂದ್. ಚಾಚಾ ಹಾಕಿಕೊಟ್ಟವನಿಗೆ ಫೋನ್ ಮಾಡಿ ಬೈದದ್ದೇ ಬೈದದ್ದು. ಓಣಿಯಲ್ಲೆಲ್ಲ "ಸೋಲಾರ್ ಅಂದರೆ ಮೋಸ" ಎಂದು ಸುದ್ದಿಯಾಯಿತು. ಇನ್ನಿಬ್ಬರು ಹಾಕಿಸುವವರಿದ್ದರು, ಬಿಟ್ಟರು.

ಮೋಸ ಏನೂ ಆಗಿರಲಿಲ್ಲ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್, ಊರಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಮನೆಯ ಮಾಳಿಗೆಯಿಂದ ತಂತಿಗೆ ಕರೆಂಟ್ ಹರಿದು, ಲೈನ್ ಬಂದ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಅಪಾಯ. ಇದನ್ನು ಅಮ್ಮಿ ತಿಳಿದುಕೊಂಡು ಹೋಗಿ ಹೇಳಿದಾಗ ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ ಭಾಬಿ? ಹಾಗಾದರೆ ನಿಲ್ಲಲಿ ಬಿಡಿ" ಎಂದರು. ಎರಡು ವಾಕ್ಯದ ಮಾಹಿತಿ. ನಮ್ಮ ಓಣಿಯಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ, ಆದರೆ ಏಳನೇ ತರಗತಿಗೆ ಹೋಗುವ ಮಕ್ಕಳು ಪ್ರತಿ ಮನೆಯಲ್ಲೂ ಇದ್ದರು. ದೊಡ್ಡವರಿಗೆ ಸುದ್ದಿ ಮುಟ್ಟಿಸಲು ಮಕ್ಕಳಿಗಿಂತ ಒಳ್ಳೆಯ ದಾರಿ ಇಲ್ಲ.

ಹೈಸ್ಕೂಲಿನಲ್ಲಿ ಕಲಿಸಿದರಾಯಿತು ಎನ್ನುವವರಿದ್ದಾರೆ. 2023ರ ಹೊಸ ಮುದ್ರಣದಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ಕೈಬಿಟ್ಟಿತು. ಹೊರೆ ಇಳಿಸಲು ಎಂದು ಕಾರಣ ಕೊಟ್ಟರು. ಮನೆಯ ಮೇಲೆ ಪ್ಯಾನೆಲ್ ಹಾಕಿ ಎಂದು ಒಂದು ಕಡೆ ಸಬ್ಸಿಡಿ, ಇನ್ನೊಂದು ಕಡೆ ಪುಸ್ತಕದಿಂದ ಪಾಠವೇ ಮಾಯ. ಇದು ನನಗೆ ಅರ್ಥವಾಗಿಲ್ಲ. ಅಲ್ಲದೆ ನಮ್ಮ ಓಣಿಯಲ್ಲಿ ಹತ್ತನೇ ತರಗತಿ ತಲುಪದೆ ಗ್ಯಾರೇಜಿಗೆ, ಅಂಗಡಿಗೆ ಹೋದ ಹುಡುಗರು ಎಷ್ಟಿದ್ದಾರೆಂದು ನಿಮಗೂ ಗೊತ್ತು. ಅವರಲ್ಲಿ ಕೆಲವರು ಇವತ್ತು ಪ್ಯಾನೆಲ್ ಏರಿಸುವ ಕೂಲಿಗೇ ಹೋಗುತ್ತಿದ್ದಾರೆ.

ಭಾಷೆಯ ಮಾತನ್ನೂ ಹೇಳಬೇಕು. "ನವೀಕರಿಸಬಹುದಾದ ಶಕ್ತಿ" ಎಂಬ ಪದ ಮಕ್ಕಳ ಬಾಯಿಗೆ ಬರುವುದಿಲ್ಲ. ಉರ್ದು ಪುಸ್ತಕದ "ಕಾಬಿಲ್-ಎ-ತಜ್ದೀದ್ ತವಾನಾಯಿ" ಅದಕ್ಕಿಂತ ಸುಲಭವೇನಲ್ಲ. ನವೀಕರಣ ಎಂದರೆ ಮಕ್ಕಳಿಗೆ ರೇಷನ್ ಕಾರ್ಡ್ ನೆನಪಾಗುತ್ತದೆ, ಶಕ್ತಿ ಎಂದರೆ ಹೆಂಗಸರ ಉಚಿತ ಬಸ್ಸು. "ಸೋಲಾರ್" ಎಂದರೆ ಮಾಳಿಗೆಯ ಮೇಲಿನ ಬಿಸಿನೀರಿನ ಟ್ಯಾಂಕು. ಅದು ಕರೆಂಟ್ ಮಾಡುವುದೇ ಇಲ್ಲ, ಬಿಸಿಲಿನಿಂದ ನೇರವಾಗಿ ನೀರು ಕಾಯಿಸುತ್ತದೆ ಎಂದರೆ ನಮ್ಮ ದ್ವಿತೀಯ ಪಿಯುಸಿಯಲ್ಲೂ ಇಬ್ಬರು ವಾದಕ್ಕೆ ಬಂದರು! ಅಮ್ಮಿಯ ತರಬೇತಿ ಪೂರ್ತಿ ಪುಸ್ತಕದ ಕನ್ನಡದಲ್ಲಿತ್ತು, ಅವರು ಕಲಿಸಬೇಕಾದದ್ದು ಉರ್ದುವಿನಲ್ಲಿ, ಮಕ್ಕಳು ಯೋಚಿಸುವುದು ಓಣಿಯ ಮಾತಿನಲ್ಲಿ. ಈ ಮೂರರ ನಡುವೆ ಸೇತುವೆ ಕಟ್ಟುವ ಕೆಲಸವನ್ನು ಒಬ್ಬಳೇ ಟೀಚರ್ ರಾತ್ರಿ ಕೂತು ಮಾಡಬೇಕು. ಅಮ್ಮಿ ಈಗ "ಮುಗಿಯದ ಶಕ್ತಿ" ಎಂದು ಶುರುಮಾಡುತ್ತಾರೆ. ಅಜ್ಜಿ ಮಾಳಿಗೆ ಮೇಲೆ ಒಣಗಿಸುವ ಬ್ಯಾಡಗಿ ಮೆಣಸಿನಕಾಯಿಯಿಂದ ಪಾಠ ಆರಂಭ. ಪ್ಯಾನೆಲ್ ಕೊನೆಗೆ.

ಇದೇನೋ ಹೊಸದು ಎಂಬಂತೆ ಸ್ಲೈಡಿನಲ್ಲಿ ಇತ್ತಂತೆ, "ಭವಿಷ್ಯದ ಶಕ್ತಿ" ಎಂದು. ಶಿವನಸಮುದ್ರದ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902ರಲ್ಲಿ.

ಇನ್ನೊಂದು ಮಾತು. ಶಿಕ್ಷಕರಿಗೆ ಕೊಡುವ ಸಾಮಗ್ರಿಯಲ್ಲಿ ನವೀಕರಿಸಬಹುದಾದ ಶಕ್ತಿಯ ಬಗ್ಗೆ ಬರೀ ಹೊಗಳಿಕೆ ಇರುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಚಿತ್ರ ಎಲ್ಲ ಕಡೆ ಇದೆ: 2,050 ಮೆಗಾವಾಟ್, ಸುಮಾರು 13,000 ಎಕರೆ. ರೈತರಿಂದ ಭೂಮಿ ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಬರಪೀಡಿತ ತಾಲ್ಲೂಕಿನ ರೈತನಿಗೆ ಅದು ಒಳ್ಳೆಯದೇ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಅಮ್ಮಿಯ ತರಗತಿಯಲ್ಲಿ ಕೂಲಿಕಾರರ ಮಕ್ಕಳೇ ಹೆಚ್ಚು. ಅವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಆಗ ಟೀಚರ್ "ಮುಂದಿನ ತರಗತಿಯಲ್ಲಿ ಬರುತ್ತದೆ" ಎನ್ನಬಾರದಲ್ಲ. ಕಲ್ಲಿದ್ದಲಿಗಿಂತ ಬಿಸಿಲು ಮೇಲು ಎಂದು ನಾನು ಪೂರ್ತಿ ನಂಬುತ್ತೇನೆ. ನಂಬುವುದರಿಂದಲೇ ಅದರ ಲೆಕ್ಕವನ್ನು ಮುಚ್ಚಿಡಬಾರದು ಎನ್ನುತ್ತೇನೆ.

ಈಗ ನಮ್ಮ ಕಾಲೇಜಿಗೆ ಬರುತ್ತೇನೆ. ನಮ್ಮ ಭೌತಶಾಸ್ತ್ರ ಪ್ರಯೋಗಾಲಯ ಶನಿವಾರ ಮಧ್ಯಾಹ್ನ ಬೀಗ ಹಾಕಿರುತ್ತದೆ. ಒಳಗೆ ಹದಿನೈದು ಮಲ್ಟಿಮೀಟರುಗಳಿವೆ. ಎರಡು ಕಿಲೋಮೀಟರ್ ಒಳಗೆ ಕನ್ನಡ, ಉರ್ದು ಎರಡೂ ಮಾಧ್ಯಮದ ಆರು ಹಿರಿಯ ಪ್ರಾಥಮಿಕ ಶಾಲೆಗಳಿವೆ. ತಿಂಗಳಿಗೆ ಒಂದು ಶನಿವಾರ, ಎರಡು ಗಂಟೆ, ಆ ಶಾಲೆಗಳ ಶಿಕ್ಷಕರು ಬಂದು ಪ್ರಯೋಗ ಮಾಡಿ, ತರಗತಿಯಲ್ಲಿ ಮಕ್ಕಳು ಕೇಳಿದ್ದನ್ನು ಹೇಳಿ ಹೋಗಲಿ. ಭಾಷಣ ಬೇಡ, ಹಾರ ಬೇಡ, ಬ್ಯಾನರ್ ಅಂತೂ ಬೇಡವೇ ಬೇಡ.

ಶಿಕ್ಷಕರಿಗೆ ಸಮಯ ಎಲ್ಲಿದೆ ಎಂಬ ಆಕ್ಷೇಪ ಬಂದಿದೆ. ಅದು ಸುಳ್ಳಲ್ಲ. ಸಮೀಕ್ಷೆ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ನಮೂನೆ ಎಲ್ಲವನ್ನೂ ಮನೆಯಲ್ಲಿ ನಾನೇ ನೋಡುತ್ತಿದ್ದೇನೆ. ಬರುವವರಿಗೆ ಓಓಡಿ ಪತ್ರ ಸಿಗುವಂತೆ ನಮ್ಮ ಪ್ರಾಂಶುಪಾಲರು ಇಲಾಖೆಗೆ ಬರೆಯಬೇಕಾಗುತ್ತದೆ. ಅದು ಸಿಗದಿದ್ದರೆ ಹೆಚ್ಚು ಜನ ಬರಲಾರರು, ನಾವು ಅವರನ್ನು ದೂರಲೂ ಬಾರದು.

ನೀಟ್, ಸಿಇಟಿ ಬಿಟ್ಟು ಇದೇಕೆ ಎಂದು ಗೆಳೆಯರು ಕೇಳಿದರು. ಮೊದಲ ಪಿಯುಸಿಯ ಮೊದಲ ಪ್ರಾಕ್ಟಿಕಲ್ ದಿನ ನೆನಪು ಮಾಡಿಕೊಳ್ಳಿ. ಮಲ್ಟಿಮೀಟರಿನ ಕೆಂಪು ತಂತಿ ಎಲ್ಲಿಗೆ, ಕಪ್ಪು ತಂತಿ ಎಲ್ಲಿಗೆ ಎಂದು ನಮ್ಮ ಬ್ಯಾಚಿನಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಇವತ್ತಿನ ಏಳನೇ ತರಗತಿಯವರೇ ನಾಲ್ಕು ವರ್ಷದಲ್ಲಿ ಈ ಬೆಂಚುಗಳ ಮೇಲೆ ಕೂರುವವರು.

ಕಲಿಸುವವರು ಯಾರು? ಉಪನ್ಯಾಸಕರು ಒಬ್ಬರು ಇದ್ದರೆ ಸಾಕು. ನಮ್ಮ ಓಣಿಯಲ್ಲಿ ಐಟಿಐ ಮುಗಿಸಿ ಪ್ಯಾನೆಲ್ ಜೋಡಿಸುವ ಕೆಲಸ ಮಾಡುವ ಒಬ್ಬ ಭಾಯಿ ಇದ್ದಾರೆ. ಪ್ಯಾನೆಲ್ ದಕ್ಷಿಣಕ್ಕೇ ಯಾಕೆ ಮುಖ ಮಾಡಿರಬೇಕು, ಧೂಳು ಕೂತರೆ ಏನಾಗುತ್ತದೆ, ಬೇಸಿಗೆಯ ಉರಿಬಿಸಿಲಿನಲ್ಲಿ ಪ್ಯಾನೆಲ್ ಕಾದಷ್ಟೂ ವೋಲ್ಟ್ ಯಾಕೆ ಇಳಿಯುತ್ತದೆ ಎಂದು ಅವರು ಹೇಳುವಷ್ಟು ಚೆನ್ನಾಗಿ ನನ್ನ ಗೈಡ್ ಪುಸ್ತಕ ಹೇಳುವುದಿಲ್ಲ. ಅವರನ್ನು ಸಂಪನ್ಮೂಲ ವ್ಯಕ್ತಿ ಎಂದು ಕರೆದು ಮುಂದೆ ಕೂರಿಸಬೇಕು. ಕೆಲವರಿಗೆ ಇದು ಸರಿ ಕಾಣಲಿಕ್ಕಿಲ್ಲ, ಪದವಿ ಎಲ್ಲಿ ಎಂದು ಕೇಳಬಹುದು. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜಿನಲ್ಲಿ ಓದು ಬರಹ ಬಾರದ ಅಜ್ಜಿಯರು, ಆಫ್ರಿಕಾದ ಹಳ್ಳಿಗಳಿಂದ ಬಂದವರೂ ಸೇರಿ, ಸೋಲಾರ್ ದೀಪ ಜೋಡಿಸಿ ರಿಪೇರಿ ಮಾಡುವುದನ್ನು ಆರು ತಿಂಗಳಲ್ಲಿ ಕಲಿತು ಹೋಗಿದ್ದಾರೆ. ಅವರಿಗೆ ಹೇಳಿಕೊಟ್ಟವರೂ ಹಳ್ಳಿಯ ಹೆಂಗಸರೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ತಂತಿಯ ಬಣ್ಣ ಮತ್ತು ಕೈಸನ್ನೆಯಲ್ಲೇ ಕಲಿತರು.

ಪ್ರಾಂಶುಪಾಲರ ಬಳಿ ಮಾತಾಡಿದ್ದೇವೆ. ಪ್ರಯೋಗಾಲಯದ ಬೀಗದ ಕೈ ಒಂದು ಶನಿವಾರಕ್ಕೆ ಕೊಡುತ್ತೇನೆ, ನೋಡೋಣ ಎಂದಿದ್ದಾರೆ. ಅಮ್ಮಿ ಮತ್ತು ಪಕ್ಕದ ಕನ್ನಡ ಶಾಲೆಯ ಇಬ್ಬರು ಟೀಚರ್ ಬರಲು ಒಪ್ಪಿದ್ದಾರೆ. ಭಾಯಿ ಕೂಡ ಬರುತ್ತಾರೆ, ಆ ದಿನದ ಕೂಲಿ ಅವರಿಗೆ ಸಿಗುವಂತೆ ನಾವು ನೋಡಿಕೊಳ್ಳಬೇಕು. ಮಲ್ಟಿಮೀಟರ್ ಹಿಡಿಯಲು ಬರುವ ನಾಲ್ಕೈದು ವಿದ್ಯಾರ್ಥಿಗಳು ಬೇಕು. ಬರದಿದ್ದರೂ ಬನ್ನಿ. ಹಳೆಯ ಆಟಿಕೆಯ ಮೋಟಾರು, ಕೆಟ್ಟ ಕ್ಯಾಲ್ಕುಲೇಟರಿನ ಸೋಲಾರ್ ಪಟ್ಟಿ ಮನೆಯಲ್ಲಿದ್ದರೆ ತನ್ನಿ.

ಆ ಹುಡುಗನಿಗೆ ಅಮ್ಮಿ ಅಕ್ಟೋಬರ್‌ನಲ್ಲಿ ಉತ್ತರ ಹೇಳಿದರು. ಮೊದಲಿಗೆ, "ಅವತ್ತು ನನಗೆ ಗೊತ್ತಿರಲಿಲ್ಲ" ಎಂದು ತರಗತಿಯ ಮುಂದೆ ಹೇಳಿದರಂತೆ. ನಂತರ ಮೋಟಾರು ಕೊಟ್ಟು ಎಲ್ಲರಿಂದಲೂ ಊದಿಸಿದರು. ಅವನು ಮನೆಗೆ ಹೋಗಿ ದಾದಾನಿಗೆ ಹೇಳಿ, ಮರುದಿನ ದಾದಾನ ಹೊಸ ಪ್ರಶ್ನೆ ಹೊತ್ತು ಬಂದ: ಗಾಳಿ ಇಲ್ಲದ ದಿನವೂ ಒಂದೊಂದು ಫ್ಯಾನು ಮೆಲ್ಲಗೆ ತಿರುಗುತ್ತಿರುತ್ತದಲ್ಲ, ಅದನ್ನು ಯಾರು ತಿರುಗಿಸುತ್ತಾರೆ? ಅಮ್ಮಿ ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಾರೆ. ಶನಿವಾರ ಅದರಿಂದಲೇ ಶುರು.